ಪಿಸ್ತೂಲು ಕೊಳ್ಳುವ ಮೊದಲು ಕೈಯ ಅಳತೆ ನೋಡಿ

ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಈ ಬಾರಿ ಪಿಸ್ತೂಲು ಶೂಟಿಂಗ್

ಮಂಗಳೂರು, ಉಡುಪಿ ಕಡೆಯ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಹೆಚ್ಚಿನವು ಒತ್ತಿದ ಗಾಳಿಯಿಂದ ಹೊಡೆಯುವ 10 ಮೀಟರ್ ಏರ್ ಪಿಸ್ತೂಲಿನವು. ಕೆಲವು ಮದ್ದಿನ ತೋಟೆ ಹಾಕುವ .22 ಪಿಸ್ತೂಲಿನ ಮೇಲೆ, ಒಂದೆರಡು ತೋಟೆ ತುಂಬಿಸುವ ಯಂತ್ರದ ಮೇಲೆ.

ಪ್ರಶ್ನೆ: ಮಗಳಿಗೆ 13 ವರ್ಷ. ಎಂಟು ತಿಂಗಳಿಂದ ಕ್ಲಬ್ಬಿನ ಪಿಸ್ತೂಲಿನಲ್ಲಿ ಕಲಿಯುತ್ತಿದ್ದಾಳೆ. ಸ್ವಂತದ್ದು ತೆಗೆಯಬೇಕು ಅಂತ ಉಂಟು. ಸ್ಟೈರ್, ಮೊರಿನಿ, ವಾಲ್ಥರ್, ಪಾರ್ಡಿನಿ, ಇವುಗಳಲ್ಲಿ ಯಾವುದು ಒಳ್ಳೆಯದು?
– ಒಬ್ಬ ತಂದೆ, ಸುರತ್ಕಲ್

ಉತ್ತರ: ನೀವು ಹೆಸರಿಸಿದ ನಾಲ್ಕೂ ಒಲಿಂಪಿಕ್ಸ್ ಮಟ್ಟದ ಪಿಸ್ತೂಲುಗಳೇ. ಇವುಗಳಲ್ಲಿ ಯಾವುದನ್ನು ವೈಸ್‌ಗೆ (ಮೇಜಿನ ಬಿಗಿ ಇಕ್ಕುಳಕ್ಕೆ) ಬಿಗಿದು ಹೊಡೆದರೂ ಪೆಲೆಟ್‌ಗಳು, ಅಂದರೆ ಸೀಸದ ಸಣ್ಣ ಗುಂಡುಗಳು, ಟಾರ್ಗೆಟ್‌ನ ನಡುವಿನ ಹತ್ತು ಅಂಕದ ವೃತ್ತದೊಳಗೇ ಬೀಳುತ್ತವೆ. ಹಾಗಾಗಿ ಬ್ರ್ಯಾಂಡ್ ಕೊನೆಗೆ ನೋಡುವ ವಿಷಯ. ಮೊದಲು ಗ್ರಿಪ್ (ಕೈಹಿಡಿ), ಆಮೇಲೆ ತೂಕ, ಆಮೇಲೆ ಟ್ರಿಗರ್.

ಗ್ರಿಪ್ ಸರಿಹೊಂದುತ್ತದೋ ಇಲ್ಲವೋ ಎಂದು ಹೀಗೆ ನೋಡಿ. ಖಾಲಿ ಪಿಸ್ತೂಲನ್ನು ಮಗಳ ಕೈಗೆ ಕೊಟ್ಟು, ಸುರಕ್ಷಿತ ದಿಕ್ಕಿನ ಗೋಡೆಗೆ ತಿರುಗಿಸಿ ನಿಲ್ಲಿಸಿ. ಕಣ್ಣು ಮುಚ್ಚಿ ಕೈ ಎತ್ತಲಿ, ಎರಡು ಉಸಿರು ಬಿಟ್ಟು ಕಣ್ಣು ತೆರೆಯಲಿ. ಗುರಿ ಹಿಡಿಯಲು ಪಿಸ್ತೂಲಿನ ಮೇಲಿರುವ ಹಿಂದಿನ ಸೈಟ್‌ನ ಕಚ್ಚಿನ ನಡುವೆ ಮುಂದಿನ ಸೈಟ್ ತಾನಾಗಿಯೇ ಬಂದು ನಿಂತಿರಬೇಕು. ಹತ್ತು ಸಲ ಎತ್ತಿದರೆ ಎಂಟು ಸಲವಾದರೂ ಹಾಗಾಗಬೇಕು. ಪ್ರತಿ ಸಲವೂ ಸೈಟ್ ಎಡಕ್ಕೋ ಬಲಕ್ಕೋ ಸರಿದಿದ್ದರೆ ಅವಳು ಮಣಿಕಟ್ಟು ತಿರುಚಿ ಸರಿಪಡಿಸಿಕೊಳ್ಳಬೇಕಾಗುತ್ತದೆ. ಅರುವತ್ತು ಹೊಡೆತದ ಪಂದ್ಯದಲ್ಲಿ ಹೀಗೆ ತಿರುಚಿದ ಮಣಿಕಟ್ಟು ನಲ್ವತ್ತರ ಹೊತ್ತಿಗೆ ಸೋತುಹೋಗುತ್ತದೆ.

ಬೆರಳನ್ನೂ ನೋಡಿ. ತೋರುಬೆರಳಿನ ತುದಿಯ ಮೆತ್ತನೆಯ ಭಾಗ ಟ್ರಿಗರ್ ಮೇಲೆ ನೇರ ಕೂರಬೇಕು, ಬೆರಳಿನ ಉಳಿದ ಭಾಗ ಗ್ರಿಪ್‌ನ ಮರಕ್ಕೆ ತಾಗಬಾರದು. ತಾಗಿದರೆ ಟ್ರಿಗರ್ ಎಳೆದಾಗೆಲ್ಲ ಪಿಸ್ತೂಲು ಪಕ್ಕಕ್ಕೆ ದೂಡಿಸಿಕೊಳ್ಳುತ್ತದೆ. 13ರ ಹುಡುಗಿಗೆ ಸಾಮಾನ್ಯವಾಗಿ ಸ್ಮಾಲ್ ಅಥವಾ ಅದಕ್ಕೂ ಸಣ್ಣ ಗ್ರಿಪ್ ಬೇಕಾಗುತ್ತದೆ. 'ಬೆಳೆಯುವ ಕೈ, ದೊಡ್ಡದೇ ಇರಲಿ' ಎಂದು ಮೀಡಿಯಂ ತೆಗೆಯಬೇಡಿ. ಶಾಲೆಯ ಯೂನಿಫಾರ್ಮ್‌ಗೆ ಆ ಲೆಕ್ಕ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ. ಗ್ರಿಪ್ ಬಿಡಿಯಾಗಿ ಸಿಗುವ ಭಾಗ. ಎರಡು ವರ್ಷದ ಮೇಲೆ ಅದೊಂದನ್ನೇ ಬದಲಿಸಿದರಾಯಿತು.

ಅಂಗೈಯ ಕೆಳಗಿನ ತಟ್ಟೆಯನ್ನು ಕೈ ಒತ್ತಿ ಹಿಡಿಯುವಷ್ಟು ಮೇಲೆತ್ತುವುದು ಸಾಮಾನ್ಯ ತಪ್ಪು. ಅದು ಕೈಗೆ ತಾಗಿರಬೇಕು, ಕೈಯನ್ನು ಹಿಂಡಬಾರದು. ಆ ತಟ್ಟೆ ಮೇಲ್ಮುಖವಾಗಿ ಬಾಗಿದ್ದರೆ ಅಂತಾರಾಷ್ಟ್ರೀಯ ಶೂಟಿಂಗ್ ಫೆಡರೇಶನ್ನಿನ ನಿಯಮದ ಪ್ರಕಾರ ಪಿಸ್ತೂಲನ್ನೇ ತಿರಸ್ಕರಿಸುತ್ತಾರೆ. ಗ್ರಿಪ್ ಮಣಿಕಟ್ಟಿಗೆ ಆಸರೆ ಕೊಡುವಂತೆಯೂ ಇರಬಾರದು. ಎಲ್ಲೋ ಖಾಲಿ ಬಿಟ್ಟಿದೆ ಎನಿಸಿದರೆ ಬಡಗಿಗಳು ಬಳಸುವ ವುಡ್ ಪುಟ್ಟಿಯನ್ನು ತೆಳುವಾಗಿ ಹಚ್ಚಿ, ಒಣಗಿದ ಮೇಲೆ ಮರಳು ಕಾಗದದಲ್ಲಿ ತಿಕ್ಕಿ. ಒಂದು ಸಲಕ್ಕೆ ಒಂದೇ ಕಡೆ, ಒಂದು ಮಿ.ಮೀ.ಗಿಂತ ದಪ್ಪ ಬೇಡ. ಒಂದು ವಾರ ಹೊಡೆದು ನೋಡಿ ಮುಂದಿನದು.

ತೂಕಕ್ಕೆ ನಿಯಮ 1500 ಗ್ರಾಂ ತನಕ ಅವಕಾಶ ಕೊಡುತ್ತದೆ. ದೊಡ್ಡವರ ಪಿಸ್ತೂಲುಗಳು ಒಂದು ಕಿಲೋ ಆಸುಪಾಸಿನಲ್ಲಿರುತ್ತವೆ. ಸ್ಟೈರ್ ಮತ್ತು ವಾಲ್ಥರ್‌ನಲ್ಲಿ ಕಾಂಪ್ಯಾಕ್ಟ್, ಮೊರಿನಿಯಲ್ಲಿ ಶಾರ್ಟ್ ಎಂಬ ಗಿಡ್ಡ ಮಾದರಿಗಳಿವೆ. ನಿಮ್ಮ ಮಗಳಿಗೆ ನಮ್ಮ ಆಯ್ಕೆ ಆ ಗಿಡ್ಡ ಮಾದರಿಗಳೇ. ಮುಂಭಾರ ಕಡಿಮೆ, ಭುಜಕ್ಕೆ ಹಿತ. ಮೊರಿನಿಯ ಸಿಎಂ 162 ಇಐಯಲ್ಲಿ ಟ್ರಿಗರ್ ಎಲೆಕ್ಟ್ರಾನಿಕ್. ಪೆಲೆಟ್ ಇಲ್ಲದೆ ಟ್ರಿಗರ್ ಎಳೆಯುವ ಡ್ರೈ ಫೈರ್ ಅಭ್ಯಾಸಕ್ಕೆ ಬಹಳ ಅನುಕೂಲ, ಆದರೆ ಬ್ಯಾಗಿನಲ್ಲಿ ಹೊಸ ಬ್ಯಾಟರಿ ಯಾವತ್ತೂ ಇರಬೇಕು.

ಹೊಸದು ಲಕ್ಷ ದಾಟುತ್ತದೆ. ಸೆಕೆಂಡ್ ಹ್ಯಾಂಡ್ ತೆಗೆಯುವುದರಲ್ಲಿ ತಪ್ಪಿಲ್ಲ. ಆದರೆ ಮೊದಲು ಪಿಸ್ತೂಲಿನ ಗಾಳಿ ತುಂಬುವ ಸಿಲಿಂಡರಿನ ಮೇಲೆ ಕೆತ್ತಿದ ತಾರೀಖು ನೋಡಿ. ತಯಾರಕರು ಹೇಳಿದ ಅವಧಿ, ಅಂದರೆ ಹೆಚ್ಚೆಂದರೆ ಹತ್ತು ವರ್ಷ, ಮೀರಿದ ಸಿಲಿಂಡರನ್ನು ಪಂದ್ಯದಲ್ಲಿ ಬಳಸುವಂತಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ತೆಗೆದ ಪಿಸ್ತೂಲಿಗೆ ಎರಡು ಹೊಸ ಸಿಲಿಂಡರ್ ಹಾಕುವಾಗ ಅಗ್ಗದ ಲೆಕ್ಕ ತಲೆಕೆಳಗಾಗುತ್ತದೆ.

ಪ್ರಶ್ನೆ: ದುಬೈಯಲ್ಲಿರುವ ಭಾವ ಊರಿಗೆ ಬರುವವರಿದ್ದಾರೆ. ಒಂದು ಏರ್ ಪಿಸ್ತೂಲು, ಜೊತೆಗೆ ತೋಟೆ ಮರುತುಂಬಿಸುವ ರೀಲೋಡಿಂಗ್ ಪ್ರೆಸ್ ತರಲು ಹೇಳಬಹುದೇ? .22 ಗುಂಡಿನ ಖರ್ಚು ಉಳಿಸುವ ಯೋಚನೆ.
– ಬಜ್ಪೆಯ ಓದುಗರು

ಉತ್ತರ: ಎರಡೂ ಬೇಡ ಅನ್ನಿ. ಭಾವನವರ ರಜೆ ಕಸ್ಟಮ್ಸ್ ಕೌಂಟರಿನಲ್ಲಿ ಕಳೆಯುವುದು ಬೇಡ.

ಮೊದಲು ಪ್ರೆಸ್‌ನ ವಿಷಯ. .22 ತೋಟೆ ರಿಮ್‌ಫೈರ್ ಜಾತಿಯದು. ಅದರಲ್ಲಿ ಕಿಡಿ ಹುಟ್ಟಿಸುವ ಮದ್ದು ಕೇಸಿನ (ತೋಟೆಯ ಲೋಹದ ಕೊಳವೆಯ) ಬುಡದ ಅಂಚಿನ ಒಳಮಡಿಕೆಯಲ್ಲಿರುತ್ತದೆ. ಪಿನ್ ಬಡಿದಾಗ ಆ ಅಂಚೇ ಜಜ್ಜಿಹೋಗುತ್ತದೆ. ಒಮ್ಮೆ ಹಾರಿದ ಕೇಸ್ ಮತ್ತೆ ಕೆಲಸಕ್ಕೆ ಬಾರದು. ಹೊರದೇಶಗಳಲ್ಲಿ ಮರುತುಂಬಿಸುವುದು ಸೆಂಟರ್‌ಫೈರ್ ತೋಟೆಗಳನ್ನು, ಅಂದರೆ ಬುಡದ ನಡುವೆ ಬದಲಿಸಬಹುದಾದ ಪ್ರೈಮರ್ (ಕಿಡಿಮದ್ದಿನ ಪುಟ್ಟ ಬಟ್ಟಲು) ಇರುವ .32, .38, 9 ಮಿ.ಮೀ. ಅಂಥವನ್ನು. ಅಲ್ಲಿ ತಿಂಗಳಿಗೆ ಸಾವಿರಗಟ್ಟಲೆ ಹೊಡೆಯುವವರಿಗೆ ಖರ್ಚೂ ಇಳಿಯುತ್ತದೆ, ಪ್ರತಿ ಗುಂಡೂ ಒಂದೇ ತೆರನಾಗಿರುತ್ತದೆ. ಏರ್ ಪಿಸ್ತೂಲು ಮತ್ತು .22 ಹೊಡೆಯುವವರಿಗೆ ಆ ಯಂತ್ರದಿಂದ ಕಾಸಿನ ಪ್ರಯೋಜನವಿಲ್ಲ.

ಕಾನೂನೂ ಅಡ್ಡ ಬರುತ್ತದೆ. 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಸಲು ಪರವಾನಗಿ ಬೇಕು. ಪಿಸ್ತೂಲಿನ ಪರವಾನಗಿ ಕೈಯಲ್ಲಿದೆ ಎಂದ ಮಾತ್ರಕ್ಕೆ ಮನೆಯ ಹಿಂದಿನ ಕೋಣೆಯಲ್ಲಿ ತೋಟೆ ತುಂಬಿಸುವ ಹಕ್ಕು ಬರುವುದಿಲ್ಲ.

ಇದಕ್ಕೇ ಸೇರಿದ ಇನ್ನೊಂದು ಎಚ್ಚರ. ಯಾರಾದರೂ ತಾವೇ ತುಂಬಿಸಿದ ಸೆಂಟರ್‌ಫೈರ್ ತೋಟೆ ಕೊಟ್ಟರೆ ತೆಗೆದುಕೊಳ್ಳಬೇಡಿ. ಮದ್ದು ಎರಡು ಸಲ ಬಿದ್ದಿದ್ದರೆ ಚೇಂಬರ್ ಒಡೆಯುತ್ತದೆ. ಬೀಳದೇ ಹೋಗಿದ್ದರೆ ಪ್ರೈಮರ್‌ನ ಬಲಕ್ಕೆ ಗುಂಡು ಬ್ಯಾರೆಲ್‌ನ ನಡುವೆ ಹೋಗಿ ಸಿಕ್ಕಿಕೊಳ್ಳುತ್ತದೆ, ಮುಂದಿನ ಗುಂಡು ಅದಕ್ಕೆ ಬಡಿದು ಬ್ಯಾರೆಲ್ ಉಬ್ಬುತ್ತದೆ ಇಲ್ಲವೇ ಸೀಳುತ್ತದೆ. 'ಢಂ' ಎನ್ನುವ ಬದಲು 'ಪುಸ್' ಎಂದರೆ ಅಲ್ಲಿಗೇ ನಿಲ್ಲಿಸಿ. ಮೂತಿಯನ್ನು ಟಾರ್ಗೆಟ್ ಕಡೆಗೇ ಇಟ್ಟು ರೇಂಜ್ ಅಧಿಕಾರಿಯನ್ನು ಕರೆಯಿರಿ. ಕಾರ್ಖಾನೆಯ ತೋಟೆಗೂ ಇದೇ ಕ್ರಮ.

ಇನ್ನು ಏರ್ ಪಿಸ್ತೂಲು. 2016ರ ಆಯುಧ ನಿಯಮಗಳ ಪ್ರಕಾರ 4.5 ಮಿ.ಮೀ. ಕ್ಯಾಲಿಬರ್ ಮತ್ತು 20 ಜೂಲ್ ಶಕ್ತಿ ಮೀರದ ಏರ್ ಗನ್ ಇಟ್ಟುಕೊಳ್ಳಲು ಪರವಾನಗಿ ಬೇಡ. ಅರ್ಧ ಗ್ರಾಂ ಚಿಲ್ಲರೆ ತೂಕದ ಪೆಲೆಟ್ ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ಹೋದರೆ ಶಕ್ತಿ ಆರು ಜೂಲ್ ಹತ್ತಿರ. ಪಂದ್ಯದ ಪಿಸ್ತೂಲುಗಳೆಲ್ಲ ಈ ಮಿತಿಯೊಳಗೇ ಬರುತ್ತವೆ. ಆದರೆ ಇಟ್ಟುಕೊಳ್ಳಲು ಪರವಾನಗಿ ಬೇಡ ಎಂದರೆ ಸೂಟ್‌ಕೇಸಿನಲ್ಲಿ ತರಬಹುದು ಎಂದಲ್ಲ. ಆಮದಿನ ದಾರಿಯೇ ಬೇರೆ. ಅದಕ್ಕೆ ಅನುಮತಿ ಮುಂಚಿತವಾಗಿ ಬೇಕು. ಇಲ್ಲಿನ ಅಧಿಕೃತ ಡೀಲರ್‌ನಿಂದಲೇ ಗುರುತಿನ ದಾಖಲೆ ಕೊಟ್ಟು ತೆಗೆಯಿರಿ, ಬಿಲ್ಲನ್ನು ಪಿಸ್ತೂಲಿನ ಪೆಟ್ಟಿಗೆಯಲ್ಲೇ ಇಡಿ.

ಪ್ರಶ್ನೆ: ಹಾಗಾದರೆ ಪೆಲೆಟ್ ಆರಿಸುವುದು ಹೇಗೆ? ಡಬ್ಬಿಯ ಮೇಲೆ 4.49, 4.50, 4.51 ಅಂತೆಲ್ಲ ಬರೆದಿರುತ್ತದೆ.
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಮಣಿಪಾಲ

ಉತ್ತರ: ಅದು ಪೆಲೆಟ್‌ನ ತಲೆಯ ಅಗಲ, ಮಿ.ಮೀ.ಗಳಲ್ಲಿ. ಬ್ಯಾರೆಲ್‌ನಿಂದ ಬ್ಯಾರೆಲ್‌ಗೆ ಒಪ್ಪುವ ಅಳತೆ ಬೇರೆ. ಪಂದ್ಯಕ್ಕೆ ಚಪ್ಪಟೆ ತಲೆಯದನ್ನೇ ತೆಗೆಯಿರಿ, ಕಾಗದದಲ್ಲಿ ಅಂಚು ಕತ್ತರಿಸಿದಂಥ ದುಂಡು ತೂತು ಬೀಳುತ್ತದೆ. ಆರ್‌ಡಬ್ಲ್ಯುಎಸ್‌ನ ಆರ್10, ಎಚ್ ಆಂಡ್ ಎನ್‌ನ ಫಿನಾಲೆ ಮ್ಯಾಚ್ ಎಲ್ಲರಿಗೂ ಗೊತ್ತಿರುವವು.

ಪರೀಕ್ಷೆಗೆ ಪಿಸ್ತೂಲನ್ನು ಅಲುಗದ ಮೇಜಿಗೆ ವೈಸ್‌ನಲ್ಲಿ ಬಿಗಿಯಿರಿ. ಹಿಡಿತ ಗ್ರಿಪ್ ತೆಗೆದ ಫ್ರೇಮಿಗೆ, ನಡುವೆ ರಬ್ಬರ್ ಇರಲಿ. ಬ್ಯಾರೆಲ್ ಅಥವಾ ಸಿಲಿಂಡರಿಗೆ ಹಿಡಿತ ಕೂಡದು. ಹೊಸ ಡಬ್ಬಿಯ ಮೊದಲ ಐದು ಪೆಲೆಟ್ ಲೆಕ್ಕಕ್ಕಿಲ್ಲ, ಹಳೆಯ ಡಬ್ಬಿಯ ಸೀಸದ ಪದರ ಹೋಗಲಿ. ಮತ್ತೆ ಒಂದೇ ಟಾರ್ಗೆಟ್‌ಗೆ ಹತ್ತು. ತೂತುಗಳ ಗುಂಪಿನ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು 4.5 ಕಳೆಯಿರಿ. ಒಂದು ಗುಂಪು ನೋಡಿ ತೀರ್ಮಾನಿಸಬೇಡಿ, ಪ್ರತಿ ಡಬ್ಬಿಗೂ ಮೂರು ಗುಂಪು ಬೇಕು. ಒಪ್ಪಿದ ಡಬ್ಬಿಯ ಬ್ಯಾಚ್ ನಂಬರು ಬರೆದುಕೊಂಡು ಅದೇ ಬ್ಯಾಚಿನಿಂದ ಒಂದು ಸೀಸನ್ನಿಗೆ ಆಗುವಷ್ಟು ತರಿಸಿ. ಅದೇ ಹೆಸರಿನ, ಅದೇ ಅಳತೆಯ ಬೇರೆ ಬ್ಯಾಚ್ ಬೇರೆಯೇ ತೆರನಾಗಿ ಹೋಗಬಹುದು.

ಇಷ್ಟು ಹೇಳಿದ ಮೇಲೆ ಒಂದು ಲೆಕ್ಕ ನೋಡಿ. ಹತ್ತರ ವೃತ್ತದ ವ್ಯಾಸ 11.5 ಮಿ.ಮೀ. ಪೆಲೆಟ್‌ನ ಅಂಚು ಗೆರೆಗೆ ತಾಗಿದರೂ ಹತ್ತೇ. ಅಂದರೆ ಪೆಲೆಟ್‌ನ ನಡು ಟಾರ್ಗೆಟ್‌ನ ನಡುವಿನಿಂದ 8 ಮಿ.ಮೀ. ತನಕ ಸರಿಯಬಹುದು. ಡಬ್ಬಿಯಿಂದ ಡಬ್ಬಿಗೆ ಬರುವ ವ್ಯತ್ಯಾಸ ಒಂದೆರಡು ಮಿ.ಮೀ. ಅದೇ, ಸುಮಾರು 32 ಸೆಂ.ಮೀ. ಅಂತರದಲ್ಲಿರುವ ಎರಡು ಸೈಟ್‌ಗಳ ಹೊಂದಿಕೆ ಬರೇ ಅರ್ಧ ಮಿ.ಮೀ. ತಪ್ಪಿದರೆ 10 ಮೀಟರಿನಲ್ಲಿ 15 ಮಿ.ಮೀ.ಗೂ ಮೀರಿ ಸರಿಯುತ್ತದೆ, ಹತ್ತು ಹೋಗಿ ಒಂಬತ್ತರ ಹೊರ ಅಂಚು. 600ಕ್ಕೆ 540 ದಾಟದವರು ಪೆಲೆಟ್ ಪರೀಕ್ಷೆಗೆ ಭಾನುವಾರ ಕಳೆಯುವುದಕ್ಕಿಂತ ಬಿಳಿ ಗೋಡೆಯ ಮುಂದೆ ಡ್ರೈ ಫೈರ್ ಮಾಡುವುದು ಲಾಭ.

ಪ್ರಶ್ನೆ: ಪಂದ್ಯಕ್ಕೆ ಮೊದಲು ಟ್ರಿಗರ್ ತೂಕ ನೋಡುವಾಗ ನನ್ನ ಪಿಸ್ತೂಲು ಫೇಲ್ ಆಯಿತು. ಮನೆಯಲ್ಲಿ ಸರಿಯಿತ್ತು.
– ಕಾರ್ಕಳ

ಉತ್ತರ: ಮನೆಯಲ್ಲಿ 500 ಗ್ರಾಂಗೆ ಸರಿಯಾಗಿ ಇಟ್ಟಿದ್ದಿರಿ, ಅದೇ ಕಾರಣ. 10 ಮೀಟರ್ ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ತೂಕವನ್ನು ಬಿಡದೆ ಎತ್ತಬೇಕು. ಸ್ಪ್ರಿಂಗ್ ಸ್ವಲ್ಪ ಸಡಿಲವಾದರೂ, ಕೆಳಗಿಟ್ಟ ತೂಕ ಎತ್ತುವಾಗ ಕೊಂಚ ಜರ್ಕ್ ಆದರೂ ಬಿಟ್ಟುಹೋಗುತ್ತದೆ. 515ರಿಂದ 520ಕ್ಕೆ ಇಡಿ. ಬೆರಳಿಗೆ ಆ 20 ಗ್ರಾಂ ಗೊತ್ತಾಗುವುದಿಲ್ಲ.

ದಿನಸಿ ಅಂಗಡಿಯ ಅರ್ಧ ಕಿಲೋ ಬಟ್ಟಿಗೆ ಕೊಕ್ಕೆ ಕಟ್ಟಿ ನೋಡುವವರಿದ್ದಾರೆ. ಆಗ ಕೊಕ್ಕೆ, ದಾರದ ತೂಕವೂ ಸೇರುತ್ತದೆ. ಎಲ್ಲವನ್ನೂ ಒಟ್ಟಿಗೆ ಡಿಜಿಟಲ್ ತಕ್ಕಡಿಯಲ್ಲಿಟ್ಟು 515 ಗ್ರಾಂ ಮಾಡಿಕೊಳ್ಳಿ. ಪಿಸ್ತೂಲಿನಲ್ಲಿ ಪೆಲೆಟ್ ಇರಬಾರದು, ಗಾಳಿ ಇರಬೇಕು, ಕಾಕ್ ಆಗಿರಬೇಕು (ಹೊಡೆಯಲು ಸಜ್ಜಾಗಿರಬೇಕು). ಬ್ಯಾರೆಲ್ ನೆಟ್ಟಗೆ ಮೇಲ್ಮುಖವಾಗಿ ಹಿಡಿದು, ಕೊಕ್ಕೆಯನ್ನು ಟ್ರಿಗರ್‌ನ ನಡುವಿಗೆ ಸಿಕ್ಕಿಸಿ ನಿಧಾನ ಎತ್ತಿ. ಬಟ್ಟು ನೆಲ ಬಿಟ್ಟು ಪೂರ್ತಿ ತೂಗಾಡಿದರೂ ಟ್ರಿಗರ್ ಬಿಡಬಾರದು. ಐದು ಸಲ ಸತತ ನಿಂತರೆ ಧೈರ್ಯದಿಂದ ಹೋಗಿ. 25 ಮೀಟರಿನ .22 ಪಿಸ್ತೂಲಿಗೆ ಈ ಕನಿಷ್ಠ 1000 ಗ್ರಾಂ.

ಪ್ರಶ್ನೆ: ಮಳೆಗಾಲದಲ್ಲಿ ಪಿಸ್ತೂಲಿನ ಸ್ಕ್ರೂಗಳೆಲ್ಲ ತುಕ್ಕು. ಮನೆ ಸಮುದ್ರಕ್ಕೆ ಹತ್ತಿರ ಉಂಟು. ಎಂತ ಮಾಡುವುದು?
– ಮಲ್ಪೆ

ಉತ್ತರ: ತಪ್ಪು ಮಾಡುತ್ತಿರುವುದು ಅದರ ಪೆಟ್ಟಿಗೆ. ಒಳಗಿನ ಸ್ಪಂಜು ಕೈಯ ಬೆವರನ್ನೂ ಗಾಳಿಯ ಪಸೆಯನ್ನೂ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಪೆಟ್ಟಿಗೆ ಪ್ರಯಾಣಕ್ಕೆ ಮಾತ್ರ. ಮನೆಯಲ್ಲಿ ಬೀಗ ಹಾಕುವ ಕಬ್ಬಿಣದ ಕಪಾಟು, ಅದರೊಳಗೆ ಹತ್ತಿ ಬಟ್ಟೆಯ ಮೇಲೆ ಪಿಸ್ತೂಲು, ಪಕ್ಕದಲ್ಲಿ ಕಾಲು ಕಿಲೋ ಸಿಲಿಕಾ ಜೆಲ್. ಹರಳಿನ ಬಣ್ಣ ಬದಲಾದ ಕೂಡಲೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ಒಣಗಿಸಿ. ಅಡುಗೆಯ ಬಾಣಲೆ ಬೇಡ, ಬೇರೆಯೇ ಒಂದನ್ನು ಇಟ್ಟುಕೊಳ್ಳಿ. ಮೊದಲೆಲ್ಲ ಕಪಾಟಿನಲ್ಲಿ ಝೀರೋ ಬಲ್ಬ್ ಉರಿಸಿಡುತ್ತಿದ್ದರು, ಅದರ ಬಿಸಿಗೆ ಪಸೆ ನಿಲ್ಲುತ್ತಿರಲಿಲ್ಲ. ಈಗಿನ ಎಲ್‌ಇಡಿ ಬಲ್ಬಿನಿಂದ ಬೆಳಕು ಬರುತ್ತದೆ, ಬಿಸಿ ಇಲ್ಲ.

ಅಭ್ಯಾಸ ಮುಗಿದ ಕೂಡಲೇ ಒಣಬಟ್ಟೆಯಲ್ಲಿ ಒರೆಸಿ, ಹೊರಗಿನ ಉಕ್ಕಿನ ಭಾಗಗಳಿಗೆ ಗನ್ ಆಯಿಲ್ ತಾಗಿಸಿದ ಬಟ್ಟೆಯಿಂದ ಒಂದು ಕೈ. ಎಣ್ಣೆ ಅಷ್ಟೇ ಸಾಕು. ಬ್ಯಾರೆಲ್‌ನ ಒಳಗೆ, ಪೆಲೆಟ್ ಇಡುವ ಬಾಯಿಯ ಓ ರಿಂಗಿಗೆ (ರಬ್ಬರ್ ಉಂಗುರಕ್ಕೆ), ಸಿಲಿಂಡರಿನ ಎಳೆಗಳಿಗೆ ಎಣ್ಣೆ ಹಾಕಬಾರದು. ರಬ್ಬರಿಗೆ ಬೇಕಾದರೆ ತಯಾರಕರು ಹೇಳಿದ ಸಿಲಿಕೋನ್ ಗ್ರೀಸ್. ಬ್ಯಾರೆಲ್‌ಗೆ ಐನೂರು ಹೊಡೆತಕ್ಕೊಮ್ಮೆ ಹಿಂದಿನಿಂದ ಒಳಗನ್ನು ಒರೆಸುವ ಮೂರ್ನಾಲ್ಕು ಮೆತ್ತನೆಯ ಫೆಲ್ಟ್ ಪೆಲೆಟ್ ಬಿಟ್ಟರೆ ಆಯಿತು. ಹಿತ್ತಾಳೆ ಬ್ರಶ್ ತೂರಿಸಬೇಡಿ.

ಪೆಲೆಟ್‌ಗಳ ಮೇಲೆ ಬಿಳಿ ಹುಡಿ ಬಂದಿದ್ದರೆ ಸೀಸ ಕಿಲುಬು ಹಿಡಿದಿದೆ ಎಂದರ್ಥ. ತೊಳೆದು ಬಳಸುವ ಉಳಿತಾಯ ಬೇಡ, ಆ ಡಬ್ಬಿ ಬಿಟ್ಟುಬಿಡಿ. ಸೀಸ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಅವಲಕ್ಕಿಗೆ ಕೈ ಹಾಕಬೇಡಿ. ಮಕ್ಕಳಿಗೆ ಇದನ್ನು ಗಟ್ಟಿಯಾಗಿ ಹೇಳಿ.

ಪ್ರಶ್ನೆ: ಹ್ಯಾಂಡ್ ಪಂಪಿನಲ್ಲಿ ಗಾಳಿ ತುಂಬಿಸುತ್ತೇನೆ. ಇತ್ತೀಚೆಗೆ ಸ್ವಲ್ಪ ಹೊತ್ತು ಬಿಟ್ಟು ಹೊಡೆದರೆ ಮೊದಲ ಪೆಲೆಟ್ ಮೇಲೆ ಹೋಗುತ್ತದೆ, ಉಳಿದವು ಸರಿ.
– ಕುಂದಾಪುರ

ಉತ್ತರ: ರೆಗ್ಯುಲೇಟರ್ ಸೋರುತ್ತಿರುವ ಲಕ್ಷಣ. ಸಿಲಿಂಡರಿನ 200 ಬಾರ್ ಗಾಳಿಯನ್ನು ಇಳಿಸಿ, ಪ್ರತಿ ಹೊಡೆತಕ್ಕೂ ಒಂದೇ ಒತ್ತಡ ಕೊಡುವುದು ಅದರ ಕೆಲಸ. ಅದರ ಸೀಟಿನಲ್ಲಿ ಕೊಳೆಯೋ ನೀರಿನ ಕಲೆಯೋ ಕೂತರೆ ಪಿಸ್ತೂಲು ಸುಮ್ಮನಿರುವಾಗ ಗಾಳಿ ನಿಧಾನ ದಾಟಿಬಂದು ಒತ್ತಡ ಏರುತ್ತದೆ. ಮೊದಲ ಪೆಲೆಟ್ ಆ ಹೆಚ್ಚುವರಿ ಒತ್ತಡದಲ್ಲಿ ಹೋಗುತ್ತದೆ. ಇದು ಸರ್ವಿಸಿನವರ ಕೆಲಸ, ನೀವೇ ಬಿಚ್ಚಬೇಡಿ.

ಮೂಲ ನಿಮ್ಮ ಪಂಪಿನಲ್ಲಿರಬಹುದು. ಕರಾವಳಿಯ ಗಾಳಿಯನ್ನು ಅಷ್ಟು ಒತ್ತಿದಾಗ ಅದರ ಪಸೆ ನೀರಾಗಿ ಇಳಿಯುತ್ತದೆ. ಪಂಪಿನ ತೇವ ಹೀರುವ ಹರಳನ್ನು ಮಳೆಗಾಲದಲ್ಲಿ ಆಗಾಗ ಬದಲಿಸಿ, ಐವತ್ತು ಸಲ ಒತ್ತಿದ ಮೇಲೆ ಐದು ನಿಮಿಷ ನಿಲ್ಲಿಸಿ ನೀರು ಹೊರಬಿಡಿ. ಸ್ಕೂಬಾ ಸಿಲಿಂಡರಿನಿಂದ ತುಂಬಿಸುವುದು ಇದಕ್ಕಿಂತ ಒಳ್ಳೆಯದು, ಡೈವಿಂಗಿನವರ ಕಂಪ್ರೆಸರ್ ಗಾಳಿಯನ್ನು ಒಣಗಿಸಿಯೇ ತುಂಬುತ್ತದೆ. ದೊಡ್ಡ ಸಿಲಿಂಡರಿನ ಪರೀಕ್ಷೆಯ ತಾರೀಖು ನೋಡಿ, ವಾಲ್ವ್ ಮೆಲ್ಲಗೆ ತೆರೆಯಿರಿ. ರಭಸದಿಂದ ತುಂಬಿದರೆ ಬಿಸಿಯಾಗಿ 200 ತೋರಿಸುತ್ತದೆ, ತಣಿದ ಮೇಲೆ ಇಳಿಯುತ್ತದೆ.

ವೆಲ್ಡಿಂಗ್ ಅಂಗಡಿಯಲ್ಲಿ ಸಿಗುವ ಆಕ್ಸಿಜನ್ ಮಾತ್ರ ಯಾವ ಕಾರಣಕ್ಕೂ ತುಂಬಿಸಬಾರದು. ಅಷ್ಟು ಒತ್ತಡದ ಆಕ್ಸಿಜನ್‌ಗೆ ಗ್ರೀಸಿನ ತುಣುಕು ಸಿಕ್ಕಿದರೆ ಸಾಕು, ಸಿಡಿಯುತ್ತದೆ. ತುಂಬಿದ ಸಿಲಿಂಡರನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡುವುದೂ ಅಪಾಯ.

ಪ್ರಶ್ನೆ: 52 ವರ್ಷ, ಚಾಳೀಸು ಬಂದಿದೆ. ಮುಂದಿನ ಸೈಟ್ ಮಸುಕು. ಯಾವ ಕನ್ನಡಕ?
– ಬ್ಯಾಂಕ್ ಉದ್ಯೋಗಿ, ಕದ್ರಿ

ಉತ್ತರ: ಬೈಫೋಕಲ್, ಪ್ರೊಗ್ರೆಸಿವ್ ಎರಡೂ ಬೇಡ. ಗುರಿ ಹಿಡಿಯುವ ಕಣ್ಣಿಗೆ ನಿಮ್ಮ ದೂರದೃಷ್ಟಿಯ ಪವರಿಗೆ +0.50 ಕೂಡಿಸಿದ ಒಂದೇ ಪವರಿನ ಗಾಜು ಹಾಕಿಸಿ. ಸಾಲದಿದ್ದರೆ +0.75. ಮುಂದಿನ ಸೈಟ್ ಕತ್ತರಿಸಿದಂತೆ ಸ್ಪಷ್ಟ ಕಾಣಬೇಕು, ಟಾರ್ಗೆಟ್‌ನ ಕಪ್ಪು ಮಸುಕಾದರೆ ಅಡ್ಡಿಯಿಲ್ಲ, ಮಸುಕಾಗಿಯೇ ಇರಬೇಕು. ಇನ್ನೊಂದು ಕಣ್ಣನ್ನು ಮುಚ್ಚಿ ಹಿಡಿಯಬೇಡಿ, ಕಣ್ಣು ದಣಿಯುತ್ತದೆ. 30 ಮಿ.ಮೀ.ಗಿಂತ ಅಗಲವಲ್ಲದ ಬಿಳಿ ಪಟ್ಟಿ ಅಡ್ಡ ಇಟ್ಟರೆ ಸಾಕು.

ಪ್ರಶ್ನೆ: ಮನೆಯ ಚಾವಡಿ ಆರು ಮೀಟರ್ ಮಾತ್ರ. ಅಲ್ಲಿ ಅಭ್ಯಾಸ ಆಗುತ್ತದೆಯೇ?
– ಮೂಡುಬಿದಿರೆ

ಉತ್ತರ: ಧಾರಾಳ ಆಗುತ್ತದೆ. 5 ಮೀಟರಿಗೆ ಗೆರೆ ಎಳೆದು, ಟಾರ್ಗೆಟನ್ನು ಅರ್ಧಕ್ಕೆ ಇಳಿಸಿ ಪ್ರಿಂಟ್ ತೆಗೆಯಿರಿ. 59.5 ಮಿ.ಮೀ.ನ ಕಪ್ಪು ಸುಮಾರು 30 ಮಿ.ಮೀ. ಆಗಬೇಕು. ಎತ್ತರದಲ್ಲಿ ಹೆಚ್ಚಿನವರು ತಪ್ಪುತ್ತಾರೆ. ರೇಂಜ್‌ನಲ್ಲಿ ಟಾರ್ಗೆಟ್‌ನ ನಡು ನೆಲದಿಂದ 1.40 ಮೀಟರ್. ನಿಮ್ಮ ಕಣ್ಣಿನ ಎತ್ತರ 1.50 ಆದರೆ 5 ಮೀಟರಿನಲ್ಲಿ ಅದನ್ನು 1.45ಕ್ಕೆ ತೂಗುಹಾಕಿ. ಇಲ್ಲದಿದ್ದರೆ ಕೈ ಬೇರೆ ಎತ್ತರಕ್ಕೆ ಒಗ್ಗಿಕೊಳ್ಳುತ್ತದೆ.

ಪೆಲೆಟ್ ಹೊಡೆಯುವುದಾದರೆ ಮುರಕಲ್ಲಿನ ಗೋಡೆಯನ್ನೇ ನಂಬಬೇಡಿ, ಹುಡಿ ಎದ್ದು ಪೆಲೆಟ್ ಎತ್ತಲೋ ಸಿಡಿಯುತ್ತದೆ. 3 ಮಿ.ಮೀ. ಉಕ್ಕಿನ ತಗಡನ್ನು ಪೆಟ್ಟಿಗೆಯೊಳಗೆ ಕೆಳಮುಖವಾಗಿ 45 ಡಿಗ್ರಿ ಓರೆಗೆ ನಿಲ್ಲಿಸಿ, ತಳದಲ್ಲಿ ಹಳೆ ಬೈರಾಸು ಹಾಸಿ. ಆ ಕಡೆಯಿಂದ ಬಾಗಿಲಿದ್ದರೆ ಒಳಗಿನಿಂದ ಚಿಲಕ ಹಾಕಿ. ಎಲ್ಲರೂ ರಕ್ಷಣೆಯ ಕನ್ನಡಕ ಧರಿಸಬೇಕು.

ಪ್ರಶ್ನೆ: ತೋಟಕ್ಕೆ ಹಂದಿ, ಮಂಗನ ಕಾಟಕ್ಕೆಂದು ಪಡೆದ ಕೋವಿಯ ಪರವಾನಗಿ ಇದೆ. ಅದೇ ಪರವಾನಗಿಯಲ್ಲಿ .22 ಪಿಸ್ತೂಲು ತೆಗೆದು ಪಂದ್ಯಕ್ಕೆ ಹೋಗಬಹುದೇ?
– ಅಡಿಕೆ ಬೆಳೆಗಾರರು, ಬೆಳ್ತಂಗಡಿ

ಉತ್ತರ: ಆಗುವುದಿಲ್ಲ. ಬೆಳೆ ರಕ್ಷಣೆಗೆ ಕೊಟ್ಟ ಪರವಾನಗಿ ಆ ಕೋವಿಗೆ, ಆ ಉದ್ದೇಶಕ್ಕೆ. ಪಿಸ್ತೂಲು ಬೇಕಾದರೆ ಗುರಿ ಅಭ್ಯಾಸದ ಉದ್ದೇಶ ಬರೆದು ಪ್ರತ್ಯೇಕ ಅರ್ಜಿ ಕೊಡಬೇಕು. ಅದಕ್ಕೆ ರೈಫಲ್ ಅಸೋಸಿಯೇಶನ್ನಿನ ಸದಸ್ಯತ್ವ, ಪಂದ್ಯದ ಅಂಕಪಟ್ಟಿಗಳು ಬಲ ಕೊಡುತ್ತವೆ. ಮೊದಲು 10 ಮೀಟರ್ ಏರ್ ಪಿಸ್ತೂಲು ಹಿಡಿಯಿರಿ, ರಾಜ್ಯಮಟ್ಟ, ಮಾವಳಂಕರ್ ಶೂಟಿಂಗ್ ಕೂಟ ಎಂದು ಒಂದೆರಡು ಪಂದ್ಯ ಆಡಿ. .22 ಬೇಕೆನಿಸಿದಾಗ ಕ್ಲಬ್ಬಿನದ್ದನ್ನು ರೇಂಜ್‌ನಲ್ಲೇ ಹೊಡೆದು ನೋಡಿ. ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಗೆ ಹೊತ್ತೊಯ್ದು ಠೇವಣಿ ಇಡುವ ಕೆಲಸ ನಿಮಗೆ ಗೊತ್ತೇ ಇದೆ. ಪರವಾನಗಿಯೇ ಬೇಡದ ಏರ್ ಪಿಸ್ತೂಲಿಗೆ ಆ ಓಡಾಟವಿಲ್ಲ.